ಕಾರವಾರದಲ್ಲಿ ಒಂದು ದಿನ: ಕಾಳಿ ನದಿ ಹಿಡಿದು ಊರು ನೋಡುವ ಬಗೆ

ಶಿರಸಿಯ ನಮಗೆ ಕಾರವಾರ ಅಂದರೆ ಕಚೇರಿ ಊರು. ಜಿಲ್ಲಾ ಕೇಂದ್ರ ಅಲ್ವಾ, ಕಾಗದಪತ್ರದ ಕೆಲಸ ಬಿದ್ದರೆ ನಸುಕಿನಲ್ಲೇ ದೇವಿಮನೆ ಘಟ್ಟ ಇಳಿಯುವುದು, ಕುಮಟಾ, ಅಂಕೋಲಾ ದಾಟಿ ಹೋಗುವುದು, ಸಂಜೆ ಅದೇ ದಾರಿ ಹಿಡಿದು ಘಟ್ಟ ಹತ್ತುವುದು. ಹುಬ್ಬಳ್ಳಿ, ಬೆಂಗಳೂರು ಕಡೆಯವರಿಗೆ ಅದು ಗೋವಾ ದಾರಿಯಲ್ಲಿ ಸಿಗುವ ಊರು. ಹೆದ್ದಾರಿ ಪಕ್ಕ ಯುದ್ಧನೌಕೆ ಕಾಣುತ್ತದೆ, ಇಳಿಯುತ್ತಾರೆ, ಫೋಟೊ ತೆಗೆಯುತ್ತಾರೆ, ಮತ್ತೆ ಗಾಡಿ ಹತ್ತುತ್ತಾರೆ. ನಾನೂ ಎಷ್ಟೋ ವರ್ಷ ಹಾಗೇ ಬಂದು ಹೋಗಿದ್ದೇನೆ. ಒಂದು ಸಲ ಕೆಲಸ ಮರುದಿನಕ್ಕೆ ಬಿತ್ತು. ಊರಲ್ಲೇ ಉಳಿದೆ. ಆ ಒಂದು ದಿನದಲ್ಲಿ ಕಾರವಾರ ನನಗೆ ಬೇರೆಯೇ ಊರಾಗಿ ಕಂಡಿತು. ಆಮೇಲೆ ಕೆಲಸ ಇಲ್ಲದೆಯೂ ಹೋಗುತ್ತೇನೆ.

ನಾನು ಕಂಡುಕೊಂಡದ್ದು ಇಷ್ಟು: ಈ ಊರನ್ನು ಹೆದ್ದಾರಿಯಿಂದ ನೋಡಬಾರದು, ಕಾಳಿ ನದಿಯಿಂದ ನೋಡಬೇಕು. ಕಾಳಿ ಹುಟ್ಟುವುದು ಜೋಯಿಡಾದ ಡಿಗ್ಗಿ ಹತ್ತಿರ. 184 ಕಿ.ಮೀ. ಹರಿದು ಸಮುದ್ರ ಸೇರುವುದು ಇಲ್ಲಿ. ಪೂರ್ತಿ ನದಿ ಇದೇ ಜಿಲ್ಲೆಯದು. ಕೋಟೆ ಕಟ್ಟಿದ್ದು, ಇಂಗ್ಲಿಷರು ಮಳಿಗೆ ಹಾಕಿದ್ದು, ಪೋರ್ಚುಗೀಸರು ಕಿತ್ತಾಡಿದ್ದು ಎಲ್ಲ ಈ ನದಿಯ ಬಾಯಿಗಾಗಿ. ಘಟ್ಟದ ಮೇಲಿನ ಕಾಳುಮೆಣಸು ಹಡಗು ಹತ್ತುವ ಬಾಗಿಲು ಇದು. ನದಿಯನ್ನು ಬೆಳಿಗ್ಗೆ ಗುಡ್ಡದ ಮೇಲಿಂದ ನೋಡಿ, ಸಂಜೆ ಅದರ ಬಾಯಿಯಿಂದ ಮರಳಿನ ಮೇಲೆ ನಡೆದು ಬಂದರೆ ಊರು ಅರ್ಥವಾಗುತ್ತದೆ. ಉಳಿದದ್ದೆಲ್ಲ ನಡುವೆ ಹೊಂದಿಸಿಕೊಳ್ಳಬಹುದು.

ಹೊರಡುವ ಮೊದಲು

ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಏಪ್ರಿಲ್, ಮೇನಲ್ಲಿ ಹತ್ತು ಗಂಟೆಗೇ ಬೆವರು ಸುರಿಯುತ್ತದೆ. ಮಳೆಗಾಲದ ಕಾರವಾರ ನನಗೆ ಬಹಳ ಇಷ್ಟ, ಆದರೆ ಮೊದಲ ಸಲ ಬರುವವರಿಗೆ ಹೇಳುವುದಿಲ್ಲ. ದೋಣಿ ಇರುವುದಿಲ್ಲ, ನೀರಿಗೆ ಇಳಿಯುವಂತಿಲ್ಲ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ತಾಜಾ ಮೀನೂ ಕಡಿಮೆ. ದಾರಿಯ ಭಯ ಬೇರೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವ ಹೋದದ್ದು ಈ ಹೆದ್ದಾರಿಯಲ್ಲೇ. ಜೋರು ಮಳೆಯ ದಿನ ಈ ಕಡೆ ಗಾಡಿ ಹೊರಡಿಸಬೇಡಿ.

ಬೆಂಗಳೂರಿನಿಂದ ಬರುವವರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ರಾತ್ರಿ ಹತ್ತಿದರೆ ಬೆಳಿಗ್ಗೆ ಕಾರವಾರ. ರೈಲು ನಿಲ್ದಾಣ ಊರೊಳಗೆ ಇಲ್ಲ, ಶಿರವಾಡದಲ್ಲಿದೆ. ಅಲ್ಲಿಂದ ಆಟೋ ಮಾಡಬೇಕು. ಆದರೆ ಬೆಳಗಿನ ರೈಲಿಗೆ ಬಂದರೆ ದಿನದ ಮೊದಲ ಚಂದದ ನೋಟ ತಪ್ಪುತ್ತದೆ. ಸಾಧ್ಯವಾದರೆ ಹಿಂದಿನ ರಾತ್ರಿಯೇ ಬಂದು, ಕಡಲಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಉಳಿಯಿರಿ.

ಇನ್ನೊಂದು ಕೆಲಸ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಉಬ್ಬರ ಇಳಿತದ ಹೊತ್ತು ಕೇಳಿಕೊಳ್ಳಿ. ಇಲ್ಲಿಯ ಕೊಂಕಣಿಯಲ್ಲಿ ಭರತಿ, ಸುಕತಿ ಅಂತಾರೆ. ನೀರು ಏರುವುದು ಭರತಿ, ಇಳಿಯುವುದು ಸುಕತಿ. ಉಳಿದುಕೊಂಡ ಕಡೆಯೇ ಕೇಳಿ, ಇಲ್ಲವಾದರೆ ದೋಣಿಯವರನ್ನು ಕೇಳಿ, ಮೊಬೈಲಿನಲ್ಲೂ ಸಿಗುತ್ತದೆ. ದಿನಕ್ಕೆ ಎರಡು ಸಲ ನೀರು ಏರಿ ಇಳಿಯುತ್ತದೆ. ಆ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಇದು ಯಾಕೆ ಬೇಕು ಅನ್ನುವುದು ತಿಳಮಾತಿ ಅನ್ನುವ ಪುಟ್ಟ ಕಡಲತೀರಕ್ಕೆ ಹೋದಾಗ ಗೊತ್ತಾಗುತ್ತದೆ.

ಬೆಳಕು ಹರಿಯುವಾಗ: ಬಲೆ ಎಳೆಯುವವರ ಜೊತೆ

ಆರು ಗಂಟೆಗೆ ಕಡಲತೀರದಲ್ಲಿರಿ. ಊರಿನ ಮುಖ್ಯ ತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರು. ಯಾಕೆ ಅನ್ನುವುದನ್ನು ಸಂಜೆಗೆ ಇಟ್ಟುಕೊಳ್ಳೋಣ.

ಅದೃಷ್ಟವಿದ್ದರೆ ಯೆಂಡಿ ಬಲೆ ಎಳೆಯುವುದು ಸಿಗುತ್ತದೆ. ಇದು ದಡದಿಂದಲೇ ಮೀನು ಹಿಡಿಯುವ ಬಲೆ. ದೊಡ್ಡ ರಂಪಣಿ ಬಲೆಯ ಚಿಕ್ಕ ತಂಗಿ ಅಂದುಕೊಳ್ಳಿ. ದೋಣಿಯೊಂದು ಅರ್ಧ ಚಂದ್ರದ ಹಾಗೆ ಸುತ್ತು ಹಾಕಿ ಬಲೆ ಇಳಿಸಿ ಬರುತ್ತದೆ. ಅದರ ಎರಡು ಹಗ್ಗ ದಡದಲ್ಲಿ ದೂರ ದೂರ ಇರುತ್ತವೆ. ಒಂದೊಂದು ಹಗ್ಗಕ್ಕೆ ಒಂದೊಂದು ಸಾಲು ಜನ. ಹತ್ತಿರ ಹೋಗಿ ಅವರ ಸೊಂಟ ನೋಡಿ. ಕೆಲವರು ಸೊಂಟಕ್ಕೊಂದು ತುಂಡು ಹಗ್ಗ ಸುತ್ತಿಕೊಂಡಿರುತ್ತಾರೆ. ಅದರ ತುದಿಯನ್ನು ದೊಡ್ಡ ಹಗ್ಗಕ್ಕೆ ಸಿಕ್ಕಿಸಿ, ಮೈಭಾರ ಹಿಂದಕ್ಕೆ ಹಾಕಿ, ಹಿಮ್ಮಡಿಯನ್ನು ಮರಳಿಗೆ ಊರಿ ಹಿಂದೆ ಹಿಂದೆ ನಡೆಯುತ್ತಾರೆ. ಸಾಲಿನ ಕೊನೆಗೆ ಬಂದವರು ಹಗ್ಗ ಬಿಡಿಸಿಕೊಂಡು ಮತ್ತೆ ನೀರಿನ ಹತ್ತಿರ ಹೋಗಿ ನಿಲ್ಲುತ್ತಾರೆ. ಹೀಗೆ ಸಾಲು ನಿಲ್ಲದೆ ತಿರುಗುತ್ತಲೇ ಇರುತ್ತದೆ. ಬಲೆ ಹತ್ತಿರ ಬಂದ ಹಾಗೆ ಎರಡೂ ಸಾಲು ಹತ್ತಿರ ಬರುತ್ತವೆ, ಮಾತು ಜೋರಾಗುತ್ತದೆ, ಕಾಗೆಗಳು ಎಲ್ಲಿಂದಲೋ ಬಂದು ಸೇರುತ್ತವೆ. ಕೊನೆಯ ಹತ್ತು ಮಾರಿನಲ್ಲಿ ನೀರು ಕುದಿಯುವ ಹಾಗೆ ಕಾಣುತ್ತದೆ. ತಾರ್ಲೆ, ಬಂಗಡೆ, ನಡುವೆ ಒಂದೆರಡು ಏಡಿ. ಬುಟ್ಟಿ ಹಿಡಿದ ಹೆಂಗಸರು ಆಗಲೇ ದರ ಮಾತಾಡುತ್ತಿರುತ್ತಾರೆ.

ಫೋಟೊ ತೆಗೆಯುವ ಮೊದಲು ಒಂದು ಮಾತು ಕೇಳಿ. ಅದು ಅವರ ದುಡಿಮೆಯ ಹೊತ್ತು. ಹಗ್ಗಕ್ಕೆ ಕೈ ಹಾಕಲೇ ಅಂತ ಕೇಳಿ ನೋಡಿ. ನನಗೆ ಯಾರೂ ಬೇಡ ಅಂದದ್ದಿಲ್ಲ. ಐದು ನಿಮಿಷ ಎಳೆದರೆ ಸಾಕು, ಮಧ್ಯಾಹ್ನ ತಟ್ಟೆಯಲ್ಲಿರುವ ಬಂಗಡೆಯ ತೂಕ ಗೊತ್ತಾಗುತ್ತದೆ.

ತಿಂಡಿ ಪೇಟೆಯಲ್ಲಿ. ಇಡ್ಲಿ ಎಲ್ಲ ಕಡೆ ಸಿಗುತ್ತದೆ. ಇಲ್ಲಿ ಪಾತಳ ಭಾಜಿ ಮತ್ತು ಪಾವ್ ಕೇಳಿ. ತೆಳ್ಳಗಿನ ಗಸಿ, ಮೆತ್ತನೆ ಪಾವ್. ಗೋವಾ ಎಷ್ಟು ಹತ್ತಿರ ಅನ್ನುವುದು ಬಾಯಿಗೇ ತಿಳಿಯುತ್ತದೆ. ಭಾನುವಾರವಾದರೆ ಸಂತೆ ಇರುತ್ತದೆ, ಒಂದು ಸುತ್ತು ಹಾಕಿ.

ಒಂಬತ್ತರ ಒಳಗೆ: ಸದಾಶಿವಗಡ

ಊರಿನ ಉತ್ತರಕ್ಕೆ ಕೋಡಿಬಾಗ. ಅಲ್ಲಿ ಸೇತುವೆ ದಾಟಿದರೆ ಸದಾಶಿವಗಡ. ಇಲ್ಲಿ ಅಕ್ಕಪಕ್ಕ ಎರಡು ಸೇತುವೆಗಳಿದ್ದವು. ಹಳೆಯದು 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ನದಿಗೆ ಬಿತ್ತು. ಅದರ ಮೇಲಿದ್ದ ಲಾರಿಯೂ ಬಿತ್ತು, ಚಾಲಕನನ್ನು ಬದುಕಿಸಿದರು. ನೋಟ ಚಂದ ಅಂತ ಸೇತುವೆ ಮೇಲೆ ಗಾಡಿ ನಿಲ್ಲಿಸಬೇಡಿ. ಇದಕ್ಕಿಂತ ಚಂದದ ನೋಟ ಹತ್ತು ನಿಮಿಷದಲ್ಲೇ ಇದೆ.

ಸೇತುವೆ ದಾಟಿದ ಕೂಡಲೇ ಹೆದ್ದಾರಿ ಗುಡ್ಡವನ್ನು ಸೀಳಿಕೊಂಡು ಹೋಗುತ್ತದೆ. ಎರಡೂ ಕಡೆ ಬಂಡೆಯ ಗೋಡೆ. ಇದೇ ಸದಾಶಿವಗಡದ ಗುಡ್ಡ. ಮೇಲಕ್ಕೆ ಗಾಡಿ ಹೋಗುತ್ತದೆ, ನಡೆಯುವುದಾದರೂ ಕಷ್ಟವಿಲ್ಲ. ಬೆಳಿಗ್ಗೆಯೇ ಹೋಗಿ ಅನ್ನುವುದಕ್ಕೆ ಕಾರಣ ಇದೆ. ಆಗ ಸೂರ್ಯ ನಿಮ್ಮ ಬೆನ್ನ ಹಿಂದೆ ಇರುತ್ತಾನೆ. ಎದುರಿನ ನದಿ, ಸಮುದ್ರ, ದ್ವೀಪ ಎಲ್ಲ ತಿಳಿಯಾಗಿ ಕಾಣುತ್ತವೆ. ಮಧ್ಯಾಹ್ನದ ಮೇಲೆ ಹೋದರೆ ಬಿಸಿಲು ಕಣ್ಣಿಗೇ ಹೊಡೆಯುತ್ತದೆ, ಸಮುದ್ರವೆಲ್ಲ ಬರೀ ಬೆಳ್ಳಗೆ.

ಕೋಟೆ ಅಂತ ಜಾಸ್ತಿ ಉಳಿದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಅಲ್ಲಲ್ಲಿ ಗೋಡೆ, ಗಿಡಗಂಟಿ, ಒಂದು ದುರ್ಗಾದೇವಿ ಗುಡಿ. ಮಿರ್ಜಾನ್ ಕೋಟೆ ನೋಡಿ ಬಂದವರಿಗೆ ಇದೇನು ಅನ್ನಿಸಬಹುದು. ಆದರೆ ಇಲ್ಲಿ ನೋಡಬೇಕಾದದ್ದು ಕಲ್ಲಲ್ಲ, ಜಾಗ. ಸಮುದ್ರಕ್ಕೆ ಮುಖ ಮಾಡಿ ನಿಲ್ಲಿ. ಎಡಕ್ಕೆ ಕೆಳಗೆ ಕಾಳಿಯ ಬಾಯಿ, ಅದರಾಚೆ ಕಾರವಾರ ಊರು, ಅದರ ಹಿಂದೆ ಗುಡ್ಡಗಳ ಸಾಲು. ಬಲಕ್ಕೆ ಗಾಳಿ ಮರಗಳ ದೇವಬಾಗ. ಎದುರಿಗೆ ಆಮೆ ಈಜುತ್ತಿರುವ ಹಾಗೆ ಕೂರ್ಮಗಡ ದ್ವೀಪ, ಇನ್ನೊಂದು ಕಡೆ ದೀಪಸ್ತಂಭ ಹೊತ್ತ ದೇವಗಡ. ನದಿಗೆ ಬರುವ ಒಂದು ಪುಟ್ಟ ದೋಣಿ ಕೂಡ ಇಲ್ಲಿಂದ ತಪ್ಪಿಸಿಕೊಳ್ಳುವುದಿಲ್ಲ. ಕೋಟೆಯನ್ನು ಇಲ್ಲೇ ಯಾಕೆ ಕಟ್ಟಿದರು ಅಂತ ಬೇರೆ ಯಾರೂ ಹೇಳಬೇಕಾಗಿಲ್ಲ.

ನಮ್ಮ ಶಿರಸಿಯವರಿಗೆ ಇಲ್ಲಿ ನಿಂತರೆ ಎದೆ ಉಬ್ಬುತ್ತದೆ. ಯಾಕೆಂದರೆ ಈ ಕೋಟೆ ಸೋದೆಯವರದು. ಶಿರಸಿ ಹತ್ತಿರದ ಸೋದೆಯ ಅರಸ ಬಸವಲಿಂಗ 1715ರ ಹೊತ್ತಿಗೆ ಇದನ್ನು ಕಟ್ಟಿಸಿ, ಅಪ್ಪ ಸದಾಶಿವಲಿಂಗನ ಹೆಸರಿಟ್ಟ. ಅದಕ್ಕೂ ಮೊದಲು ಈ ಜಾಗ ಚಿತ್ತಾಕುಲ. ಪೋರ್ಚುಗೀಸರ ಬಾಯಲ್ಲಿ ಅದು ಸಿಂಟಾಕೋರಾ ಆಗಿತ್ತು. ಪಂಚಾಯಿತಿಯ ಹೆಸರಿನಲ್ಲಿ ಇಂದಿಗೂ ಚಿತ್ತಾಕುಲವೇ ಉಳಿದಿದೆ, ಬೋರ್ಡು ಕಂಡರೆ ಓದಿ. ಘಟ್ಟದ ಮೇಲೆ ಮೆಣಸು ಬೆಳೆಯುವ ಅರಸನಿಗೆ ಕೆಳಗೆ ಬಂದರು ಕೈಯಲ್ಲಿರಬೇಕಿತ್ತು. ಅಷ್ಟೇ ಲೆಕ್ಕ.

ಇದನ್ನು ಶಿವಾಜಿ ಕೋಟೆ ಅನ್ನುವವರೂ ಇದ್ದಾರೆ. ಶಿವಾಜಿ ಕಾರವಾರಕ್ಕೆ ಬಂದದ್ದು ನಿಜ. 1665ರಲ್ಲಿ ಬಸರೂರಿನ ಮೇಲೆ ದಾಳಿ ಮಾಡಿ ಹಿಂದಿರುಗುವಾಗ ಇಲ್ಲಿ ಕಪ್ಪ ವಸೂಲಿ ಮಾಡಿದ, ಇಂಗ್ಲಿಷ್ ವ್ಯಾಪಾರಿಗಳೂ ಕೊಟ್ಟರು. ಆದರೆ ಬಸವಲಿಂಗ ಈ ಕೋಟೆ ಕಟ್ಟಿಸಿದ್ದು ಅದಾದ ಅರ್ಧ ಶತಮಾನದ ಮೇಲೆ. 1752ರಲ್ಲಿ ಪೋರ್ಚುಗೀಸರು ಗಡ ಹಿಡಿದರು. ನದಿಯ ಬಾಯಿ ಅವರ ಕೈಗೆ ಹೋದ ಮೇಲೆ ಇಂಗ್ಲಿಷರು ತಮ್ಮ ಮಳಿಗೆ ಕಿತ್ತುಕೊಂಡು ಹೋದರು.

ಇಳಿದು ಬರುವಾಗ ಹೆದ್ದಾರಿ ಹತ್ತಿರ ಪೀರ್ ಶಂಸುದ್ದೀನ್ ಖರೋಬತ್ ದರ್ಗಾ ಇದೆ. ಚಪ್ಪಲಿ ಬಿಟ್ಟು ಒಳಗೆ ಹೋಗಿ ಬನ್ನಿ.

ಮಾಜಾಳಿ ಮತ್ತು ತಿಳಮಾತಿ

ಸದಾಶಿವಗಡದಿಂದ ಗೋವಾ ಕಡೆ ಮುಂದೆ ಹೋದರೆ ಮಾಜಾಳಿ. ಅಲ್ಲಿಯ ಕಡಲತೀರದ ತುದಿಯಿಂದ ಗುಡ್ಡ, ಬಂಡೆ ದಾಟಿ ನಡೆದರೆ ಒಂದು ಪುಟ್ಟ ತೀರ ಸಿಗುತ್ತದೆ. ಅದೇ ತಿಳಮಾತಿ. ಕೊಂಕಣಿಯಲ್ಲಿ ತೀಳು ಅಂದರೆ ಎಳ್ಳು, ಮಾತಿ ಅಂದರೆ ಮಣ್ಣು. ಒಂದು ಹಿಡಿ ಮರಳು ಅಂಗೈಯಲ್ಲಿ ಹಾಕಿಕೊಂಡು ನೋಡಿ. ಕರಿ ಎಳ್ಳು ಚೆಲ್ಲಿದ ಹಾಗೆಯೇ ಇರುತ್ತದೆ, ಕಾಳು ಕಾಳಾಗಿ, ಹೊಳೆಯುತ್ತಾ. ಕೈ ಒದ್ದೆಯಿದ್ದರೆ ಅಂಟಿಕೊಳ್ಳುತ್ತದೆ, ಒಣಗಿದ ಮೇಲೆ ತಾನೇ ಉದುರುತ್ತದೆ. ಪಕ್ಕದ ಮಾಜಾಳಿಯ ಮರಳು ಮಾಮೂಲಿ ಬಣ್ಣದ್ದು. ನಡುವೆ ಇರುವುದು ಒಂದು ಗುಡ್ಡ ಮಾತ್ರ.

ಸುಕತಿಯ ಹೊತ್ತು ಕೇಳಿಕೊಳ್ಳಿ ಅಂದದ್ದು ಇದಕ್ಕೇ. ನಾನು ಮೊದಲ ಸಲ ಹೋದಾಗ ಮಗನೂ ಜೊತೆಗಿದ್ದ. ಹೋಗುವಾಗ ಬಂಡೆಗಳ ಬುಡದಲ್ಲೇ ಆರಾಮಾಗಿ ನಡೆದುಕೊಂಡು ಹೋದೆವು. ಕಪ್ಪು ಮರಳಿನಲ್ಲಿ ಆಡುತ್ತಾ ಹೊತ್ತು ಹೋದದ್ದೇ ತಿಳಿಯಲಿಲ್ಲ. ವಾಪಸ್ ಬರುವಾಗ ಅದೇ ಬಂಡೆಗಳ ಮೇಲೆ ತೆರೆ ಒಡೆಯುತ್ತಿತ್ತು. ಮೊಣಕಾಲವರೆಗೆ ನೀರು, ಕಾಲ ಕೆಳಗೆ ಪಾಚಿ. ಮಗನ ಕೈ ಎಷ್ಟು ಬಿಗಿಯಾಗಿ ಹಿಡಿದಿದ್ದೆ ಅಂದರೆ ಅವನ ಮಣಿಕಟ್ಟಿನ ಮೇಲೆ ನನ್ನ ಬೆರಳಿನ ಗುರುತು ಬಿದ್ದಿತ್ತು. ನೀರು ಇಳಿಯುತ್ತಿರುವಾಗ ಹೋಗಿ, ಏರಲು ಶುರುವಾಗುವ ಮೊದಲೇ ಹೊರಡಿ. ಹೊತ್ತು ಹೊಂದದಿದ್ದರೆ ಗುಡ್ಡದ ಮೇಲಿನ ಕಾಲುದಾರಿ ಹಿಡಿಯಿರಿ, ಇಲ್ಲವೇ ಬಿಟ್ಟುಬಿಡಿ. ಜಾರದ ಚಪ್ಪಲಿ, ಕುಡಿಯುವ ನೀರು ಜೊತೆಗಿರಲಿ. ಅಲ್ಲಿ ಅಂಗಡಿ ನಂಬಿಕೊಂಡು ಹೋಗಬೇಡಿ.

ವಯಸ್ಸಾದವರು, ಚಿಕ್ಕ ಮಕ್ಕಳು ಇದ್ದರೆ ತಿಳಮಾತಿಯ ಬದಲು ದೋಣಿಯಲ್ಲಿ ದೇವಬಾಗ ಕಡೆ ಹೋಗಿ ಬನ್ನಿ. ಲೈಫ್ ಜಾಕೆಟ್ ಹಾಕದ ದೋಣಿ ಹತ್ತಬೇಡಿ. ಕೂರ್ಮಗಡವನ್ನು ಒಂದೇ ದಿನದಲ್ಲಿ ತುರುಕಬೇಡಿ. ಅಲ್ಲಿಗೆ ಹೋಗುವುದಾದರೆ ಪುಷ್ಯ ಹುಣ್ಣಿಮೆಯ ನರಸಿಂಹ ದೇವರ ಜಾತ್ರೆಗೇ ಬನ್ನಿ. ಆವತ್ತು ಊರಿಗೆ ಊರೇ ದೋಣಿ ಹತ್ತಿ ಬಾಳೆಗೊನೆ ಹೊತ್ತು ದ್ವೀಪಕ್ಕೆ ಹೋಗುತ್ತದೆ.

ಊಟ

ಒಂದು ಗಂಟೆಯೊಳಗೆ ಊರಿಗೆ ಬಂದು ಊಟಕ್ಕೆ ಕೂರಿ. ತಡವಾದರೆ ಒಳ್ಳೆಯ ಮೀನು ಮುಗಿದಿರುತ್ತದೆ. ಬೋರ್ಡು ನೋಡಿ ಹೋಟೆಲ್ ಆರಿಸಬೇಡಿ. ಕಚೇರಿಗಳಲ್ಲಿ ಕೆಲಸ ಮಾಡುವವರು ಎಲ್ಲಿ ಸಾಲುಗಟ್ಟಿ ನಿಂತಿದ್ದಾರೋ ಅಲ್ಲಿಗೆ ಹೋಗಿ.

ಮೀನೂಟ ಅಂದರೆ ಅನ್ನ, ತೆಂಗಿನಕಾಯಿ ಅರೆದ ಮೀನು ಸಾರು, ಒಂದು ಪಲ್ಯ, ಕೊನೆಗೆ ಸೋಲ್ ಕಡಿ. ಮೇಲೆ ಹುರಿದ ಮೀನು ಬೇಕಾದರೆ ಬೇರೆ ಹೇಳಬೇಕು. ಇಸ್ವಾಣ (ಅಂಜಲ್) ಎಲ್ಲರೂ ಕೇಳುತ್ತಾರೆ, ಅದಕ್ಕೇ ಅದರ ದರ ಜಾಸ್ತಿ. ನನ್ನನ್ನು ಕೇಳಿದರೆ ನೊಗ್ಲಿ ತಿನ್ನಿ, ಕುಂದಾಪುರ, ಮಂಗಳೂರು ಕಡೆ ಕಾಣೆ ಅನ್ನುವುದು ಅದನ್ನೇ. ತಿಸರೆ ಇದ್ದರೆ ಬಿಡಲೇಬೇಡಿ. ಚಿಪ್ಪಿನೊಳಗಿನ ಈ ಜೀವಿಯನ್ನು ನೀರು ಇಳಿದಾಗ ಕಾಳಿಯ ಕೆಸರಿನಲ್ಲಿ ಬಗ್ಗಿ ಬಗ್ಗಿ ಹೆಕ್ಕುತ್ತಾರೆ. ಸುಕತಿಯ ಲೆಕ್ಕ ಊಟದವರೆಗೂ ಬರುತ್ತದೆ ನೋಡಿ.

ಬಂಗಡೆ ಸಾರಿನಲ್ಲಿ ಒಂದು ಕಪ್ಪು ಕಾಯಿ ಸಿಗಬಹುದು, ಬಾಯಿ ಬಿಟ್ಟ ಮೆಣಸಿನ ಕಾಳಿನ ಹಾಗೆ. ಅದು ತೆಪ್ಪಲ್. ನಮ್ಮ ಘಟ್ಟದ ಕಡೆ ಜುಮ್ಮನಕಾಯಿ ಅಂತೀವಿ. ಕಚ್ಚಿದರೆ ನಾಲಿಗೆ ಜುಮ್ಮೆನ್ನುತ್ತದೆ. ಕಚ್ಚಬೇಡಿ, ಪಕ್ಕಕ್ಕಿಡಿ. ಅದರ ಪರಿಮಳ ಆಗಲೇ ಸಾರಿಗೆ ಇಳಿದಿರುತ್ತದೆ. ಸೋಲ್ ಕಡಿಯ ಗುಲಾಬಿ ಬಣ್ಣ ಮುರುಗಲು ಹಣ್ಣಿನದು. ಕಾಡಿನ ಜುಮ್ಮನಕಾಯಿ, ಮುರುಗಲು, ಕಡಲಿನ ಬಂಗಡೆ ಒಂದೇ ತಟ್ಟೆಯಲ್ಲಿ. ಮೀನು ತಿನ್ನದವರಿಗೂ ಒಳ್ಳೆಯ ಊಟದ ಹೋಟೆಲ್‌ಗಳು ಪೇಟೆಯಲ್ಲಿವೆ. ಸೋಲ್ ಕಡಿ ಅಲ್ಲೂ ಕೇಳಿ ನೋಡಿ.

ಬಿಸಿಲು ಇಳಿಯುವವರೆಗೆ

ಊಟದ ಮೇಲೆ ಗಾಡಿ ಇದ್ದವರು ಸುಂಕೇರಿ ಸೇತುವೆ ದಾಟಿ ಕಡವಾಡಕ್ಕೆ ಹೋಗಿ ಬರಬಹುದು. ನೋಡುವ ಜಾಗ ಅಂತ ಬೋರ್ಡು ಏನೂ ಇಲ್ಲ. ಆದರೆ ಕಾರವಾರ ಅನ್ನುವ ಹೆಸರು ಬಂದದ್ದೇ ಕಡವಾಡದಿಂದ. ಹಳೆಯ ಕಾರವಾರ ಇದ್ದದ್ದು ಹೀಗೆ ನದಿಯ ಒಳಗೆ, ಗಾಳಿ ಅಲೆಯಿಂದ ದೂರ. ಇಂಗ್ಲಿಷರು 1638ರಲ್ಲಿ ವ್ಯಾಪಾರದ ಮಳಿಗೆ ಶುರು ಮಾಡಿದ್ದು ಆ ಕಾರವಾರದಲ್ಲಿ. ಮೆಣಸು, ಏಲಕ್ಕಿ, ಹುಬ್ಬಳ್ಳಿ ಕಡೆ ನೇಯ್ದ ನಯವಾದ ಬಟ್ಟೆ ಇಲ್ಲಿಂದ ಹಡಗು ಹತ್ತುತ್ತಿತ್ತು. ಈಗ ನಾವು ನೋಡುವ ಊರು ಬೆಳೆದದ್ದು 1862ರಲ್ಲಿ ಉತ್ತರ ಕನ್ನಡ ಬಾಂಬೆ ಪ್ರಾಂತ್ಯಕ್ಕೆ ಸೇರಿದ ಮೇಲೆ. ಸುಮ್ನೆ ನದಿ ದಂಡೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಪಕ್ಕ ಹತ್ತು ನಿಮಿಷ ನಿಂತು ಬನ್ನಿ.

ಮೂರೂವರೆ ಹೊತ್ತಿಗೆ ಯುದ್ಧನೌಕೆ. ಹೆಸರು ಐಎನ್‌ಎಸ್ ಚಪಲ್. ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ ಕ್ಷಿಪಣಿ ದೋಣಿ. 1976ರಲ್ಲಿ ನೌಕಾಪಡೆಗೆ ಸೇರಿ, 2005ರಲ್ಲಿ ನಿವೃತ್ತಿಯಾಗಿ, 2006ರಿಂದ ಇಲ್ಲಿ ಮರಳಿನ ಮೇಲೆ ನಿಂತಿದೆ. ಉದ್ದ 38 ಮೀಟರ್ ಚಿಲ್ಲರೆ. ಹೊರಗಿನಿಂದ ಫೋಟೊ ತೆಗೆದು ಹೋಗಬೇಡಿ, ಟಿಕೆಟ್ ತೆಗೆದುಕೊಂಡು ಒಳಗೆ ಇಳಿಯಿರಿ. ತಲೆ ತಗ್ಗಿಸಿ ನಡೆಯಬೇಕಾದ ಓಣಿ, ಒಂದರ ಮೇಲೊಂದು ಹಾಸಿಗೆ. ಇಷ್ಟರಲ್ಲೇ ಮಲಗಿ, ಉಂಡು, ಕೆಲಸ ಮಾಡಿದವರನ್ನು ನೆನೆದರೆ ಗೌರವ ಬರುತ್ತದೆ. ಪಕ್ಕದಲ್ಲೇ ಟುಪೊಲೆವ್ 142 ವಿಮಾನ. 1988ರಿಂದ 2017ರವರೆಗೆ ಸಮುದ್ರದ ಮೇಲೆ ಹಾರಿ ಜಲಾಂತರ್ಗಾಮಿಗಳನ್ನು ಹುಡುಕುತ್ತಿದ್ದ ಜಾತಿಯದು. ಅದರ ರೆಕ್ಕೆಯ ಕೆಳಗೆ ನಿಂತಾಗಲೇ ಗಾತ್ರ ಗೊತ್ತಾಗುವುದು.

ಊರಿನ ದಕ್ಷಿಣಕ್ಕೆ ಬೈತಖೋಲ್ ಬಂದರು, ಇನ್ನೂ ಮುಂದೆ ಅರಗಾದ ಕಡೆ ಕದಂಬ ನೌಕಾನೆಲೆ. ನೌಕಾನೆಲೆಯ ಕಡೆ ಕ್ಯಾಮೆರಾ ತಿರುಗಿಸಬೇಡಿ, ಡ್ರೋನ್ ಅಂತೂ ಬೇಡವೇ ಬೇಡ. ಆ ನೆಲೆಗಾಗಿ ಹಲವು ಹಳ್ಳಿಯ ಜನ ಮನೆ, ಗದ್ದೆ, ತಮ್ಮ ಕಡಲತೀರ ಬಿಟ್ಟು ಬಂದಿದ್ದಾರೆ. ಊರಿನವರ ಜೊತೆ ಮಾತಾಡುವಾಗ ಇದು ನೆನಪಿರಲಿ.

ಸಂಜೆ: ಟಾಗೋರರು ನಡೆದ ದಾರಿ

ಇಡೀ ದಿನದಲ್ಲಿ ಒಂದೇ ಒಂದು ಮಾಡುವುದಾದರೆ ಇದನ್ನು ಮಾಡಿ.

ರವೀಂದ್ರನಾಥ ಟಾಗೋರರು 1883ರಲ್ಲಿ ಇಲ್ಲಿಗೆ ಬಂದಾಗ ಅವರಿಗೆ 22 ವರ್ಷ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದರು, ಐಸಿಎಸ್ ಪಾಸಾದ ಮೊದಲ ಭಾರತೀಯ ಅವರೇ. ‘ಪ್ರಕೃತಿರ್ ಪ್ರತಿಶೋಧ್’ ಅನ್ನುವ ನಾಟಕವನ್ನು ರವೀಂದ್ರರು ಬರೆದದ್ದು ಈ ಊರಿನಲ್ಲಿ. ಆತ್ಮಕಥೆಯಲ್ಲಿ ಒಂದು ಬೆಳದಿಂಗಳ ರಾತ್ರಿಯ ಬಗ್ಗೆ ಹೇಳಿದ್ದಾರೆ. ಚಿಕ್ಕ ದೋಣಿಯಲ್ಲಿ ಕಾಳಿ ನದಿಯ ಮೇಲಕ್ಕೆ ಹೋದರು. ಗುಡ್ಡದ ಕೋಟೆಯ ಕೆಳಗೆ ದೋಣಿ ನಿಲ್ಲಿಸಿದರು. ರೈತನೊಬ್ಬನ ಗುಡಿಸಿ ಇಟ್ಟ ಅಂಗಳದಲ್ಲಿ ಕೂತು ಊಟ ಮಾಡಿದರು. ಬರುವಾಗ ನದಿಯ ಬಾಯಿಯ ಹತ್ತಿರ ದೋಣಿ ಇಳಿದು, ಮರಳಿನ ಮೇಲೆ ನಡೆದುಕೊಂಡೇ ಮನೆ ಸೇರಿದರು. ಸಮುದ್ರ ಅಲುಗುತ್ತಿರಲಿಲ್ಲ, ಗಾಳಿ ಮರಗಳು ಕೂಡ ಸದ್ದು ನಿಲ್ಲಿಸಿದ್ದವು.

ಆ ನಡಿಗೆಯನ್ನು ನೀವೂ ಮಾಡಬಹುದು. ಗಾಡಿಯನ್ನು ಟಾಗೋರ್ ತೀರದ ಹತ್ತಿರ ಬಿಡಿ. ಸೂರ್ಯ ಮುಳುಗುವ ಒಂದು ಗಂಟೆ ಮೊದಲು ಆಟೋದಲ್ಲಿ ಕೋಡಿಬಾಗಕ್ಕೆ ಹೋಗಿ ಇಳಿಯಿರಿ. ನದಿಯ ಬಾಯಿ ನೋಡಿಕೊಂಡು ದಕ್ಷಿಣಕ್ಕೆ ನಡೆಯಿರಿ, ಬಲಕ್ಕೆ ಸಮುದ್ರ ಇಟ್ಟುಕೊಂಡು. ಚಪ್ಪಲಿ ಕೈಯಲ್ಲಿರಲಿ, ಒದ್ದೆ ಮರಳಿನಲ್ಲಿ ನಡೆದರೆ ಕಾಲಿಗೆ ಆಯಾಸವಾಗುವುದಿಲ್ಲ. ಹಳ್ಳ ಅಡ್ಡ ಬಂದು ನೀರು ಜಾಸ್ತಿ ಇದ್ದರೆ ದಾಟಲು ಹೋಗಬೇಡಿ, ಎಡಕ್ಕೆ ಹತ್ತಿದರೆ ರಸ್ತೆ ಸಿಗುತ್ತದೆ. ನದಿಯ ಬಾಯಿಯ ಹತ್ತಿರ ಮಾತ್ರ ನೀರಿಗೆ ಇಳಿಯಲೇಬೇಡಿ. ಮೇಲೆ ಶಾಂತವಾಗಿ ಕಂಡರೂ ಕೆಳಗೆ ಸೆಳೆತ ಇರುತ್ತದೆ.

ಮೊದಲ ಅರ್ಧ ದಾರಿಯಲ್ಲಿ ಜನ ಕಡಿಮೆ. ಏಡಿಗಳು ಮರಳಿನಲ್ಲಿ ಗುಳಿ ತೋಡಿ, ಸುತ್ತ ಸಣ್ಣ ಸಣ್ಣ ಉಂಡೆ ಜೋಡಿಸಿಟ್ಟಿರುತ್ತವೆ. ಬಲೆ ಒಣಗಲು ಹಾಕಿರುತ್ತಾರೆ, ತುಳಿಯಬೇಡಿ. ಆಗಾಗ ಹಿಂದೆ ತಿರುಗಿ ನೋಡಿ. ಬೆಳಿಗ್ಗೆ ನೀವು ನಿಂತಿದ್ದ ಸದಾಶಿವಗಡದ ಗುಡ್ಡ ಈಗ ಮುಳುಗುವ ಬೆಳಕಿಗೆ ಮುಖ ಕೊಟ್ಟಿರುತ್ತದೆ. ಸೂರ್ಯ ಇಳಿದ ಮೇಲೆ ತಕ್ಷಣ ಎದ್ದು ಓಡಬೇಡಿ, ಇನ್ನೊಂದು ಕಾಲು ಗಂಟೆ ಕೂತಿರಿ. ದೇವಗಡದ ದೀಪ ಹತ್ತಿಕೊಳ್ಳುವುದು ಆಮೇಲೆ. ಬೈತಖೋಲ್ ಕಡೆಯಿಂದ ಒಂದೊಂದೇ ದೋಣಿ ದೀಪ ಹಚ್ಚಿಕೊಂಡು ಹೊರಗೆ ಹೋಗುವುದು ಕಾಣುತ್ತದೆ. ಬೆಳದಿಂಗಳಿದ್ದರೆ ಟಾರ್ಚ್ ಬೇಡ. ಇಲ್ಲದ ರಾತ್ರಿ ಒಂದು ಜೇಬಿನಲ್ಲಿರಲಿ.